ಬಣ್ಣ ನುಡಿದ ಸಾಕ್ಷಿ

ನಮ್ಮ ಮನೆತನದಲ್ಲಿ ಕಾಗದ ಪತ್ರ ಏನು ಬಂದರೂ ಅದನ್ನು ಓದಿ ಅರ್ಥ ಹೇಳುವ ಕೆಲಸ ಬಹುಕಾಲದಿಂದ ನನ್ನ ಪಾಲಿಗೆ ಬಂದಿದೆ. ಕನ್ನಡ ಪಂಡಿತ ಪರೀಕ್ಷೆಗೆ ಓದಿದವನೆಂದ ಮೇಲೆ ಕ್ರಯಪತ್ರ, ಜಾತಕ, ತೆರಿಗೆಯ ನೋಟೀಸು ಎಲ್ಲವೂ ಇವನಿಗೆ ತಿಳಿದೇ ತಿಳಿಯುತ್ತವೆ ಎಂಬುದು ಮನೆಯವರ ನಂಬಿಕೆ. ಕಳೆದ ವರ್ಷ ನಮ್ಮ ಅಕ್ಕನ ಹೊಟ್ಟೆಯಲ್ಲಿದ್ದ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರು. ಕೆಲವು ದಿನಗಳ ತರುವಾಯ ಆಸ್ಪತ್ರೆಯಿಂದ ಬಂದ ಒಂದು ಹಾಳೆಯ ಮುಂದೆ ನನ್ನ ಪಾಂಡಿತ್ಯವೆಲ್ಲ ಕೈಕಟ್ಟಿ ನಿಂತುಬಿಟ್ಟಿತು. ಅಂಡಾಶಯದ ಕ್ಯಾನ್ಸರ್ ಎಂಬ ಮಾತೇನೋ ಅರ್ಥವಾಯಿತು; ಅರ್ಥವಾಗಿ ಎದೆಯೂ ಒಡೆಯಿತು. ಅದರ ಕೆಳಗೆ ಡಬ್ಲ್ಯುಟಿ ೧, ಪ್ಯಾಕ್ಸ್ ೮, ಪಿ ೫೩, ಸಿಕೆ ೭, ಸಿಕೆ ೨೦ ಎಂದು ಬೀಜಾಕ್ಷರಗಳ ಹಾಗೆ ಸಾಲಾಗಿ ಬರೆದು, ಒಂದೊಂದರ ಮುಂದೆಯೂ ಉಂಟು ಅಥವಾ ಇಲ್ಲ ಎಂದು ಗುರುತು ಹಾಕಿದ್ದರು. "ಏನಂತೋ ಅದು?" ಎಂದು ಅಕ್ಕ ಹಾಸಿಗೆಯ ಮೇಲಿಂದ ಕೇಳಿದಳು. "ಓದಿ ಹೇಳ್ತೀನಿ ಇರಕ್ಕ" ಎಂದೆ. ಹೇಳಲು ನನಗೆ ಏನೂ ತಿಳಿದಿರಲಿಲ್ಲ.

ದೈವವಶಾತ್ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ರೋಗಶಾಸ್ತ್ರದಲ್ಲಿ ವೈದ್ಯಳಾಗಿದ್ದಾಳೆ. ಹಾಳೆಯನ್ನು ಹಿಡಿದುಕೊಂಡು ಅವಳಲ್ಲಿಗೆ ಹೋದೆ. ಅವಳು ನಕ್ಕು, "ಸಾರ್, ನೀವು ತರಗತಿಯಲ್ಲಿ ಒಂದು ಪದ ಕೊಟ್ಟು ಇದು ತತ್ಸಮವೋ, ತದ್ಭವವೋ, ದೇಶ್ಯವೋ ಹೇಳು ಎಂದು ನಿಲ್ಲಿಸುತ್ತಿದ್ದಿರಲ್ಲ, ಇದೂ ಅದೇ. ಗಡ್ಡೆ ಸಿಕ್ಕಿದ್ದು ಅಂಡಾಶಯದಲ್ಲಿ. ಆದರೆ ಹುಟ್ಟಿದ್ದು ಎಲ್ಲಿ ಎಂದು ಬಣ್ಣ ಹಾಕಿ ಕೇಳಿದ್ದೇವೆ" ಎಂದಳು. ಸಿಕ್ಕಿದ ಊರು ಬೇರೆ, ಹುಟ್ಟಿದ ಊರು ಬೇರೆ ಇರಬಹುದೆಂಬ ಈ ಒಂದು ಸಂದೇಹ ವೈದ್ಯಶಾಸ್ತ್ರಕ್ಕೆ ಹೊಳೆಯುವುದಕ್ಕೆ, ಹೊಳೆದ ಮೇಲೆ ಅದಕ್ಕೆ ಉತ್ತರ ದೊರೆಯುವುದಕ್ಕೆ ಎಷ್ಟು ಕಾಲ ಹಿಡಿಯಿತೆಂಬುದೇ ಈ ಲೇಖನದ ವಿಷಯ.

ಕಥೆಯನ್ನು ಬಣ್ಣವಿಲ್ಲದ ಕಾಲದಿಂದ ಆರಂಭಿಸೋಣ. ೧೮೦೯ನೆಯ ಇಸವಿಯ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿ ಪ್ರಾಂತದ ಡ್ಯಾನ್‌ವಿಲ್ ಎಂಬ ಸಣ್ಣ ಊರಿಗೆ ಜೇನ್ ಟಾಡ್ ಕ್ರಾಫರ್ಡ್ ಎಂಬ ಗೃಹಿಣಿ ಅರವತ್ತು ಮೈಲಿ ಕುದುರೆಯ ಮೇಲೆ ಬಂದಳು. ಹೊಟ್ಟೆ ಬೆಳೆದಿತ್ತು. ಊರಿನವರು ಬಸುರೆಂದೇ ತಿಳಿದಿದ್ದರು. ಎಫ್ರೈಮ್ ಮೆಕ್‌ಡೊವೆಲ್ ಎಂಬ ವೈದ್ಯ ಅದು ಬಸುರಲ್ಲ, ಅಂಡಾಶಯದ ಗಡ್ಡೆ ಎಂದು ಕಂಡುಕೊಂಡು, ಆಕೆಯ ಒಪ್ಪಿಗೆ ಪಡೆದು ಹೊಟ್ಟೆಯನ್ನು ಕೊಯ್ದು ಅದನ್ನು ತೆಗೆದ. ಪ್ರಜ್ಞೆ ತಪ್ಪಿಸುವ ಔಷಧಿ ಆಗಿನ್ನೂ ಬಂದಿರಲಿಲ್ಲ. ಇಪ್ಪತ್ತೈದು ನಿಮಿಷದ ಆ ಯಾತನೆಯಲ್ಲಿ ಆಕೆ ದೇವರ ಸ್ತೋತ್ರಗಳನ್ನು ಹೇಳಿಕೊಳ್ಳುತ್ತಿದ್ದಳೆಂದು ಹೇಳುತ್ತಾರೆ. ಗಡ್ಡೆ ಇಪ್ಪತ್ತೆರಡೂವರೆ ಪೌಂಡು ತೂಗಿತು. ಆಕೆ ಚೇತರಿಸಿಕೊಂಡು ಊರಿಗೆ ಮರಳಿ ಮತ್ತೆ ಮೂವತ್ತೆರಡು ವರ್ಷ ಬಾಳಿದಳು. ವೈದ್ಯನ ಎದೆಗಾರಿಕೆ ದೊಡ್ಡದೋ, ಆ ಹೆಣ್ಣುಮಗಳ ಎದೆಗಾರಿಕೆ ದೊಡ್ಡದೋ ಎಂದರೆ ನಾನು ಎರಡನೆಯದೆನ್ನುತ್ತೇನೆ. ಇರಲಿ. ನಾವು ಗಮನಿಸತಕ್ಕದ್ದು ಇನ್ನೊಂದು: ಆ ಗಡ್ಡೆಯ ವಿಚಾರದಲ್ಲಿ ವೈದ್ಯ ಬರೆದಿಡಲು ಸಾಧ್ಯವಿದ್ದದ್ದು ಅದರ ತೂಕ, ಅದರ ರೂಪ, ಒಳಗಿದ್ದ ಲೋಳೆ, ಇಷ್ಟೆ. ಅದರ ಜಾತಿ ಯಾವುದೆಂದು ಕೇಳುವ ಭಾಷೆಯೇ ಆಗ ಇರಲಿಲ್ಲ.

೧೮೫೮ರಲ್ಲಿ ಬರ್ಲಿನ್ನಿನ ರುಡಾಲ್ಫ್ ವಿರ್ಖೋ ರೋಗವೆಂಬುದು ಜೀವಕೋಶಗಳ ವ್ಯಾಪಾರವೆಂದೂ, ಜೀವಕೋಶ ಹುಟ್ಟುವುದು ಇನ್ನೊಂದು ಜೀವಕೋಶದಿಂದಲೇ ಎಂದೂ ಸಾರಿದ. ಹಾಗಾದರೆ ಪ್ರತಿಯೊಂದು ಗಡ್ಡೆಗೂ ಒಂದು ಮೂಲವಂಶ ಇರಲೇಬೇಕಷ್ಟೆ. ಆದರೆ ನೋಡುವುದು ಹೇಗೆ? ಶರೀರದ ಮಾಂಸವನ್ನು ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಅದು ಈರುಳ್ಳಿಯ ಒಳಪೊರೆಯಂತೆ ಬರಿಯ ತಿಳಿ. ಗೋಡೆಯಾವುದು, ಕೋಣೆಯಾವುದು ಎಂದು ತಿಳಿಯದ ಗಾಜಿನ ಮನೆ.

ಆರತಿಗೆ ಓಕುಳಿ ಕದಡುವ ತಾಯಂದಿರಿಗೆ ಇಲ್ಲಿಯ ಮರ್ಮ ಹೊಸದಲ್ಲ. ಅರಿಸಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಕಣ್ಣಿಗೆ ಕಾಣದಂತೆ ನೀರಿನಲ್ಲಿ ಕರಗಿರುವ ಸುಣ್ಣವನ್ನೂ ಆ ಕೆಂಪು ಹಿಡಿದುಕೊಡುತ್ತದೆ. ಬಣ್ಣ ಅಲಂಕಾರವಷ್ಟೇ ಅಲ್ಲ, ಸಾಕ್ಷಿಯೂ ಹೌದು. ಅದೇ ೧೮೫೮ರಲ್ಲಿ ಜರ್ಮನಿಯ ಯೋಸೆಫ್ ಗೆರ್ಲಾಖ್ ಕಾರ್ಮಿನ್ ಎಂಬ ಕೆಂಪಿನಿಂದ ಮಿದುಳಿನ ಚೂರುಗಳಿಗೆ ಬಣ್ಣ ಕೊಟ್ಟ. ಪಾಪಾಸುಕಳ್ಳಿಯ ಮೇಲೆ ಬಾಳುವ ಒಂದು ಹುಳುವನ್ನು ಒಣಗಿಸಿ ತೆಗೆಯುವ ಬಣ್ಣ ಅದು. ಗಟ್ಟಿ ಬಣ್ಣದಲ್ಲಿ ಅದ್ದಿದಾಗ ಎಲ್ಲವೂ ಒಂದೇ ಕೆಂಪಾಗುತ್ತಿದ್ದ ಚೂರು, ಬಹಳ ತೆಳುವಾದ ಬಣ್ಣದಲ್ಲಿ ರಾತ್ರಿಯೆಲ್ಲ ಇದ್ದಾಗ ಕೋಶಕೇಂದ್ರಗಳನ್ನು ಬಿಡಿಸಿ ತೋರಿಸಿತಂತೆ.

ಎರಡನೆಯ ಬಣ್ಣ ಮೆಕ್ಸಿಕೋ ದೇಶದ ಕಾಂಪೆಚೆಯ ಕಾಡುಗಳ ಮರವೊಂದರದು. ಬಟ್ಟೆಗೆ ಕಪ್ಪು, ನೀಲಿ ಹಾಕಲು ಯೂರೋಪಿನವರು ಅದನ್ನು ಹಡಗುಗಟ್ಟಲೆ ತರಿಸುತ್ತಿದ್ದರು. ಅದರ ಸಾರಕ್ಕೆ ಹೆಮಟಾಕ್ಸಿಲಿನ್ ಎಂದು ಹೆಸರು. ಗ್ರೀಕಿನಲ್ಲಿ ರಕ್ತ ಮತ್ತು ಮರ ಎಂಬ ಎರಡು ಪದಗಳ ಸಮಾಸ. ೧೮೬೩ರಲ್ಲಿ ವಿಲ್ಹೆಲ್ಮ್ ವಾಲ್ಡೇಯರ್ ಎಂಬ ಅಂಗರಚನಾಶಾಸ್ತ್ರಜ್ಞ ಇದನ್ನು ಅಂಗಾಂಶಕ್ಕೆ ಹಾಕಿ ನೋಡಿದ, ಅಷ್ಟಾಗಿ ಹಿಡಿಯಲಿಲ್ಲ. ೧೮೬೫ರಲ್ಲಿ ಬೋಮರ್ ಎಂಬಾತ ಅದಕ್ಕೆ ಪಟಿಕ ಬೆರೆಸಿದ, ಹಿಡಿಯಿತು. ಬಟ್ಟೆಯ ಬಣ್ಣಗಾರರಿಗೆ ತಲೆತಲಾಂತರದಿಂದ ತಿಳಿದಿದ್ದ ಪಟಿಕದ ಗುಟ್ಟು ವಿದ್ವಾಂಸರ ಮೇಜಿಗೆ ಬರಲು ಎರಡು ವರ್ಷ ಹಿಡಿಯಿತೆಂದರೆ ಬಣ್ಣಗಾರರು ನಗದೆ ಇರುತ್ತಾರೆಯೆ? ಈ ವಾಲ್ಡೇಯರನನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇನ್ನೊಂದು ಕಾರಣಕ್ಕೆ ಬರುತ್ತಾನೆ.

ಈ ನಡುವೆ ೧೮೫೬ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಚಳಿಜ್ವರಕ್ಕೆ ಕ್ವಿನೈನ್ ಮಾಡಲು ಹೊರಟು, ಡಾಂಬರಿನ ವಸ್ತುವಿನಿಂದ ಊದಾ ಬಣ್ಣ ಮಾಡಿಬಿಟ್ಟಿದ್ದ. ಅಲ್ಲಿಂದ ಮುಂದೆ ಕಾರ್ಖಾನೆಯ ಬಣ್ಣಗಳು ಮಳೆಗಾಲದ ಅಣಬೆಯಂತೆ ಎದ್ದವು. ಅವುಗಳಲ್ಲಿ ಒಂದು ೧೮೭೦ರ ದಶಕದಲ್ಲಿ ಬಂದ ಇಯೋಸಿನ್ ಎಂಬ ಗುಲಾಬಿ. ಇಯೋಸ್ ಎಂದರೆ ಗ್ರೀಕರ ಅರುಣೋದಯದ ದೇವತೆ. ನಮ್ಮ ಉಷಸ್ ಶಬ್ದಕ್ಕೆ ಅಕ್ಕತಂಗಿಯ ಸಂಬಂಧ. ೧೮೭೬ರಲ್ಲಿ ಈ ಎರಡೂ ಬಣ್ಣ ಜೊತೆಗೂಡಿದವು. ಕೋಶಕೇಂದ್ರಕ್ಕೆ ಮರದ ನೀಲಿ, ಉಳಿದುದಕ್ಕೆ ಉಷೆಯ ಗುಲಾಬಿ. ೧೮೯೩ರಲ್ಲಿ ಫರ್ಡಿನಾಂಡ್ ಬ್ಲೂಮ್ ತನ್ನ ಬೆರಳಿನ ಚರ್ಮ ಫಾರ್ಮಲಿನ್ ದ್ರಾವಣದಿಂದ ಗಟ್ಟಿಯಾದುದನ್ನು ಕಂಡು, ಅಂಗಾಂಶ ಕೊಳೆಯದಂತೆ ಇಡಲು ಅದನ್ನೇ ಉಪಯೋಗಿಸಿದ. ಫಾರ್ಮಲಿನ್ನಿನಲ್ಲಿ ನೆನೆಸಿ, ಪ್ಯಾರಫಿನ್ ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು, ನೀಲಿ ಗುಲಾಬಿ ಹಾಕಿ ನೋಡುವ ಈ ಕ್ರಮ ಇಂದಿಗೂ ಎಲ್ಲ ಆಸ್ಪತ್ರೆಗಳ ಮೊದಲ ಪಾಠ.

ಹೀಗೆ ಕಣ್ಣು ಬಂತು. ಆದರೆ ಕಣ್ಣು ಬಂದ ಮಾತ್ರಕ್ಕೆ ಕಂಡದ್ದು ನಿಜವೆಂದಲ್ಲ. ೧೮೯೬ರಲ್ಲಿ ಮಾರ್ಬುರ್ಗಿನ ಫ್ರೀಡ್ರಿಖ್ ಕ್ರುಕೆನ್‌ಬರ್ಗ್ ಎಂಬ ಇಪ್ಪತ್ತೈದರ ತರುಣ ವೈದ್ಯ ಅಂಡಾಶಯದ ಒಂದು ಹೊಸ ಜಾತಿಯ ಗಡ್ಡೆಯನ್ನು ವರ್ಣಿಸಿ ಪ್ರಬಂಧ ಬರೆದ. ಅದರ ಕೋಶಗಳ ತುಂಬ ಲೋಳೆ. ಲೋಳೆಯ ಒತ್ತಡಕ್ಕೆ ಕೋಶಕೇಂದ್ರ ಒಂದು ಅಂಚಿಗೆ ಸರಿದು, ಕೋಶವೆಂಬುದು ಮುದ್ರೆಯುಂಗುರದ ಹಾಗೆ ತೋರುತ್ತಿತ್ತು. ಇದು ಅಂಡಾಶಯದಲ್ಲಿಯೇ ಹುಟ್ಟಿದ್ದು ಎಂದು ಆತ ಖಚಿತವಾಗಿ ಬರೆದ. ೧೯೦೨ರಲ್ಲಿ ಶ್ಲಾಗೆನ್‌ಹಾಫರ್ ಎಂಬವರು ಅದು ಹಾಗಲ್ಲವೆಂದು ತೋರಿಸಿದರು. ಆ ಗಡ್ಡೆ ಅಂಡಾಶಯಕ್ಕೆ ಬಂದ ಅತಿಥಿ. ಅದರ ಹುಟ್ಟೂರು ಬಹುಮಟ್ಟಿಗೆ ಜಠರ. ಮುದ್ರೆಯುಂಗುರವೇನೋ ಇತ್ತು, ಯಾವ ಅರಮನೆಯದೆಂಬುದನ್ನು ಓದುವುದರಲ್ಲಿ ತಪ್ಪಾಗಿತ್ತು. ಸೋಜಿಗವೆಂದರೆ ತಪ್ಪು ತಿಳಿದವನ ಹೆಸರೇ ಆ ಗಡ್ಡೆಗೆ ಇಂದಿಗೂ ಉಳಿದಿದೆ. ಆತನೋ ಮುಂದೆ ಈ ಕ್ಷೇತ್ರವನ್ನೇ ಬಿಟ್ಟು ಕಣ್ಣಿನ ವೈದ್ಯನಾದ!

ಕ್ರುಕೆನ್‌ಬರ್ಗನ ಪ್ರಬಂಧ ಬಂದ ವರ್ಷದಲ್ಲಿಯೇ ನೇಪಲ್ಸಿನಲ್ಲಿ ಕೆಲಸಮಾಡುತ್ತಿದ್ದ ಪೌಲ್ ಮೇಯರ್ ಕಾರ್ಮಿನ್ ಬಣ್ಣವನ್ನು ಸಂಸ್ಕರಿಸಿ ಲೋಳೆಯನ್ನು ಮಾತ್ರ ಕೆಂಪಾಗಿಸುವ ಮ್ಯೂಸಿಕಾರ್ಮಿನ್ ತಯಾರಿಸಿದ. ಇಂಥ ಬಣ್ಣಗಳು ಬಹಳ ಉಪಕಾರ ಮಾಡಿದವು. ಆದರೂ ಇವೆಲ್ಲ ದ್ರವ್ಯವನ್ನು ತೋರಿಸುವ ಬಣ್ಣಗಳು, ವಂಶವನ್ನು ತೋರಿಸುವವಲ್ಲ. ಇಲ್ಲಿ ಲೋಳೆ ಇದೆ ಎಂದು ಹೇಳಬಲ್ಲವು. ಈ ಲೋಳೆ ಜಠರದ್ದೋ, ಕರುಳಿನದೋ, ಅಂಡಾಶಯದ್ದೋ ಎಂದು ಕೇಳಿದರೆ ಮೌನ.

ವಂಶವನ್ನು ಕೇಳುವ ಬಣ್ಣದ ಕನಸು ಮೊದಲು ಕಂಡವನು ಪೌಲ್ ಎರ್ಲಿಖ್ ಎನ್ನಬಹುದು. ೧೮೭೮ರಲ್ಲಿ ಲೈಪ್ಜಿಗ್ ವಿಶ್ವವಿದ್ಯಾನಿಲಯಕ್ಕೆ ಆತ ಒಪ್ಪಿಸಿದ ಪ್ರಬಂಧದ ವಿಷಯವೇ ಅಂಗಾಂಶಕ್ಕೆ ಬಣ್ಣ ಹಾಕುವುದು. ಒಂದು ಬಣ್ಣ ಒಂದು ಕೋಶವನ್ನೇ ಆರಿಸಿಕೊಂಡು ಹಿಡಿಯುವುದೇಕೆ ಎಂಬ ಒಂದೇ ಪ್ರಶ್ನೆಯನ್ನು ಆತ ಜೀವಮಾನವೆಲ್ಲ ಬೆನ್ನಟ್ಟಿದ. ಆರಿಸಿ ಹಿಡಿಯುವ ಬಣ್ಣವಿದ್ದರೆ, ಆರಿಸಿ ಕೊಲ್ಲುವ ಮದ್ದೂ ಇರಬೇಕು. ರೋಗವನ್ನಷ್ಟೇ ಹುಡುಕಿಕೊಂಡು ಹೋಗುವ ಮಂತ್ರದ ಗುಂಡು ಎಂದು ಆತ ಅದನ್ನು ಕರೆದ.

ಆರಿಸಿ ಹಿಡಿಯುವುದರಲ್ಲಿ ಪ್ರಕೃತಿಯನ್ನು ಮೀರಿಸಿದವರಿಲ್ಲ. ನಮ್ಮ ರಕ್ತದಲ್ಲಿ ಪ್ರತಿಕಾಯಗಳೆಂಬ ಪದಾರ್ಥಗಳುಂಟು; ಒಂದೊಂದು ಪ್ರತಿಕಾಯವೂ ತನಗೆ ಗುರುತಿರುವ ಒಂದೇ ವಸ್ತುವನ್ನು ಬೀಗಕ್ಕೆ ಕೀಲಿಯಂತೆ ಹಿಡಿಯುತ್ತದೆ. ೧೯೩೯ರ ಬೇಸಿಗೆಯಲ್ಲಿ ಬರ್ಲಿನ್ನಿಗೆ ಹೋಗಿದ್ದ ಆಲ್ಬರ್ಟ್ ಕೂನ್ಸ್ ಎಂಬ ಅಮೆರಿಕದ ತರುಣ ವೈದ್ಯನಿಗೆ, ಆ ಪ್ರತಿಕಾಯದ ಬಾಲಕ್ಕೇ ಬಣ್ಣವನ್ನು ಕಟ್ಟಿಬಿಟ್ಟರೆ ಹೇಗೆ ಎಂಬ ಯೋಚನೆ ಬಂತು. ಊರಿಗೆ ಮರಳಿ ೧೯೪೧ರಲ್ಲಿ ಸಂಗಡಿಗರೊಂದಿಗೆ ಮಾಡಿ ತೋರಿಸಿದ. ಕತ್ತಲಲ್ಲಿ ಹೊಳೆಯುವ ಬಣ್ಣವನ್ನು ಪ್ರತಿಕಾಯಕ್ಕೆ ಅಂಟಿಸಿ, ನ್ಯುಮೋನಿಯಾ ರೋಗಾಣುಗಳನ್ನು ಅಂಗಾಂಶದೊಳಗೆ ಮಿನುಗಿಸಿದ. ಆಮೇಲೆ ಯುದ್ಧ ಬಂತು. ಕೂನ್ಸ್ ಸೈನ್ಯಕ್ಕೆ ಹೋದ. ಕೆಲಸ ಮತ್ತೆ ನಡೆದದ್ದು ಯುದ್ಧ ಮುಗಿದ ಮೇಲೆ.

ಆದರೆ ಆ ಮಿನುಗು ಬೇಗ ಆರುತ್ತಿತ್ತು, ಕತ್ತಲೆಯ ಕೋಣೆ ಬೇಕಾಗಿತ್ತು. ೧೯೬೬ರಲ್ಲಿ ಪೌಲ್ ನಕಾನೆ ಮತ್ತು ಬ್ಯಾರಿ ಪಿಯರ್ಸ್ ಹೊಳೆಯುವ ಬಣ್ಣದ ಬದಲು ಒಂದು ಕಿಣ್ವವನ್ನು ಪ್ರತಿಕಾಯಕ್ಕೆ ಕಟ್ಟಿದರು. ಮೂಲಂಗಿಯ ಬಂಧುವಾದ ಒಂದು ಘಾಟಿನ ಗೆಡ್ಡೆಯಿಂದ ತೆಗೆದ ಕಿಣ್ವ ಅದು. ಅದರ ಮೇಲೆ ತಕ್ಕ ದ್ರಾವಣ ಸುರಿದರೆ, ಪ್ರತಿಕಾಯ ಕೂತ ಜಾಗದಲ್ಲಿ ಮಾತ್ರ ಬಣ್ಣ ಮೂಡುತ್ತದೆ. ಇಂದು ಎಲ್ಲೆಲ್ಲಿಯೂ ಬಳಕೆಯಲ್ಲಿರುವುದು ಕಾಫಿಯ ಕಂದು. ೧೯೭೪ರಲ್ಲಿ ಆಕ್ಸ್‌ಫರ್ಡಿನ ಟೇಲರ್ ಮತ್ತು ಬರ್ನ್ಸ್ ಫಾರ್ಮಲಿನ್ನಿನಲ್ಲಿ ನೆನೆದ, ಮೇಣದಲ್ಲಿ ಹುದುಗಿದ ಸಾಮಾನ್ಯ ಚೂರುಗಳಲ್ಲಿಯೂ ಇದು ನಡೆಯುತ್ತದೆಂದು ತೋರಿಸಿದರು. ಮರುವರ್ಷವೇ ಕೇಂಬ್ರಿಜ್ಜಿನ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಒಂದೇ ಬಗೆಯ ಶುದ್ಧ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಯುವ ಉಪಾಯ ಕಂಡುಹಿಡಿದರು. ಅವರಿಗೆ ೧೯೮೪ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಇನ್ನೂ ಒಂದು ತೊಡಕಿತ್ತು. ಫಾರ್ಮಲಿನ್ ಅಂಗಾಂಶವನ್ನು ಕಾಪಾಡುವಾಗಲೇ ಅದರ ಗುರುತುಗಳನ್ನು ಹೊಲಿದುಬಿಡುತ್ತದೆ. ಪ್ರತಿಕಾಯಕ್ಕೆ ಬಾಗಿಲು ಸಿಕ್ಕುವುದಿಲ್ಲ. ೧೯೯೧ರಲ್ಲಿ ಶಿ ಮತ್ತು ಸಂಗಡಿಗರು ಚೂರುಗಳನ್ನು ಮೈಕ್ರೋವೇವ್ ಒಲೆಯಲ್ಲಿ ದ್ರಾವಣದೊಡನೆ ಕುದಿಸಿದರೆ ಆ ಹೊಲಿಗೆ ಬಿಚ್ಚುತ್ತದೆಂದು ಪ್ರಕಟಿಸಿದರು. ೧೯೯೪ರ ಹೊತ್ತಿಗೆ ಅಡುಗೆಮನೆಯ ಪ್ರೆಷರ್ ಕುಕ್ಕರೇ ಪ್ರಯೋಗಶಾಲೆಗೆ ಬಂದು ಕೂತಿತು! ನಮ್ಮ ಮನೆಯಾಕೆಗೆ ಇದನ್ನು ಹೇಳಿದಾಗ, "ಎಷ್ಟು ಸೀಟಿ ಹಾಕಿಸ್ತಾರಂತೆ?" ಎಂದಳು. ನಗೆಯ ಮಾತು ಹಾಗಿರಲಿ, ಈ ಕುದಿಸುವಿಕೆಯಿಂದ ಆದ ಉಪಕಾರ ಅಪಾರ. ದಶಕಗಳಿಂದ ಆಸ್ಪತ್ರೆಗಳ ಕಪಾಟಿನಲ್ಲಿ ಮಲಗಿದ್ದ ಮೇಣದ ಗಟ್ಟಿಗಳೆಲ್ಲ ಒಮ್ಮೆಗೇ ಎದ್ದು ಸಾಕ್ಷಿ ನುಡಿಯುವಂತಾಯಿತು.

ಈಗ ಅಂಡಾಶಯಕ್ಕೆ ಮರಳೋಣ. ೧೯೭೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಡಾಶಯದ ಗಡ್ಡೆಗಳಿಗೆ ಒಂದು ವರ್ಗೀಕರಣವನ್ನು ಪ್ರಕಟಿಸಿತ್ತು. ಅದು ನೀಲಿ ಗುಲಾಬಿಯಲ್ಲಿ ಕಂಡ ರೂಪವನ್ನು ನಂಬಿದ ವರ್ಗೀಕರಣ. ಕಂದು ಬಣ್ಣ ಬಂದ ಮೇಲೆ ರೂಪದ ಜೊತೆಗೆ ವಂಶವನ್ನೂ ಕೇಳತೊಡಗಿದರು. ಕೋಶಗಳೊಳಗಿನ ನಾರುಗಳಾದ ಕೆರಾಟಿನ್‌ಗಳಿಗೆ ೧೯೮೨ರಲ್ಲಿ ಜರ್ಮನಿಯ ಮೋಲ್, ಫ್ರಾಂಕೆ ಮೊದಲಾದವರು ಅಂಕೆಗಳನ್ನು ಕೊಟ್ಟಿದ್ದರು. ಅಕ್ಕನ ಹಾಳೆಯಲ್ಲಿದ್ದ ಸಿಕೆ ೭, ಸಿಕೆ ೨೦ ಎಂಬವು ಆ ಅಂಕೆಗಳೇ. ಅಂಡಾಶಯದ ಕಡೆಯ ಕ್ಯಾನ್ಸರ್ ಸಾಮಾನ್ಯವಾಗಿ ಏಳನ್ನು ತೋರಿಸುತ್ತದೆ. ದೊಡ್ಡ ಕರುಳಿನದು ಏಳನ್ನು ಬಿಟ್ಟು ಇಪ್ಪತ್ತನ್ನು ತೋರಿಸುತ್ತದೆ. ಹೊಟ್ಟೆಯೆಲ್ಲ ಲೋಳೆ ತುಂಬುವ ಒಂದು ವಿಚಿತ್ರ ರೋಗವುಂಟು. ಹೆಂಗಸರಲ್ಲಿ ಅದು ಅಂಡಾಶಯದ್ದೆಂದೇ ಬಹುಕಾಲ ತಿಳಿದಿದ್ದರು. ೧೯೯೦ರ ದಶಕದಲ್ಲಿ ಈ ಅಂಕೆಗಳ ಬಣ್ಣ ಹಾಕಿ ಕೇಳಿದಾಗ, ಬಹುಪಾಲು ಪ್ರಸಂಗಗಳಲ್ಲಿ ಅದರ ಹುಟ್ಟೂರು ಕರುಳಿನ ತುದಿಯ ಕಿರುಬೆರಳಿನಂಥ ಅಪೆಂಡಿಕ್ಸ್ ಎಂದು ತೇಲಿತು. ಕ್ರುಕೆನ್‌ಬರ್ಗನ ತಪ್ಪು ನೂರು ವರ್ಷಗಳ ಮೇಲೆ ಇನ್ನೊಂದು ರೂಪದಲ್ಲಿ ನಡೆಯುತ್ತಲೇ ಇತ್ತು!

ಡಬ್ಲ್ಯುಟಿ ೧ ಎಂಬುದು ೧೯೯೦ರಲ್ಲಿ ಎಳೆಯ ಮಕ್ಕಳ ಮೂತ್ರಪಿಂಡದ ಗಡ್ಡೆಯೊಂದನ್ನು ಶೋಧಿಸುವಾಗ ಸಿಕ್ಕಿದ ವಂಶವಾಹಿ. ಅದು ಅಂಡಾಶಯದ ಸೀರಸ್ ಎಂಬ ಜಾತಿಯ ಕ್ಯಾನ್ಸರಿನ ಕೋಶಕೇಂದ್ರಗಳಲ್ಲಿ ಕಂದಾಗಿ ಕೂರುತ್ತದೆ, ಉಳಿದ ಜಾತಿಗಳಲ್ಲಿ ಸಾಮಾನ್ಯವಾಗಿ ಇಲ್ಲ. ಪ್ಯಾಕ್ಸ್ ೮ ಹೆಂಗಸಿನ ಗರ್ಭಾಂಗಗಳಲ್ಲದೆ ಮೂತ್ರಪಿಂಡ, ಥೈರಾಯ್ಡ್‌ಗಳಲ್ಲಿಯೂ ತೋರುತ್ತದೆ. ಆದ್ದರಿಂದ ಯಾವ ಒಂದು ಬಣ್ಣವೂ ತಾನೊಂದೇ ಪ್ರಮಾಣವಲ್ಲ. ಡಬ್ಲ್ಯುಟಿ ೧ ಕೂಡ ಎದೆಯ ಪೊರೆಯ ಕ್ಯಾನ್ಸರಿನಲ್ಲಿ ಬಣ್ಣ ಹಿಡಿದು ಮೋಸಮಾಡುವುದುಂಟು. ನಾಲ್ಕಾರು ಸಾಕ್ಷಿಗಳನ್ನು ಒಟ್ಟಿಗೆ ಕರೆದು ಪಾಟೀಸವಾಲು ಮಾಡುವುದೇ ಕ್ರಮ. ಹಾಳೆಯಲ್ಲಿ ಅಷ್ಟು ಹೆಸರುಗಳಿದ್ದದ್ದು ಇದಕ್ಕೇ.

ಪಿ ೫೩ರ ಮಾತನ್ನು ನಾನು ಸ್ವಲ್ಪ ಹಿಗ್ಗಿಯೇ ಬರೆಯುತ್ತೇನೆ. ೧೯೭೯ರಲ್ಲಿ ಕಂಡುಬಂದ ಈ ಪ್ರೋಟೀನು ಕೋಶದ ಕಾವಲುಗಾರ. ಆರೋಗ್ಯವಾಗಿದ್ದರೆ ಅದು ಹುಟ್ಟಿದಷ್ಟೇ ಬೇಗ ಕರಗುತ್ತದೆ. ಬಣ್ಣ ಹಾಕಿದರೆ ಅಲ್ಲೊಂದು ಇಲ್ಲೊಂದು ಕೋಶ ಮಸುಕಾಗಿ ಕಾಣುತ್ತದೆ. ವಂಶವಾಹಿ ಕೆಟ್ಟಿದ್ದರೆ ಕೆಟ್ಟ ಕಾವಲುಗಾರ ಕರಗದೆ ಗುಡ್ಡೆಬಿದ್ದು, ಎಲ್ಲ ಕೋಶಕೇಂದ್ರಗಳೂ ಕಡುಕಂದಾಗುತ್ತವೆ. ಇನ್ನು ಕೆಲವು ಗಡ್ಡೆಗಳಲ್ಲಿ ವಂಶವಾಹಿ ಪೂರ್ತಿ ಮುರಿದು ಪ್ರೋಟೀನೇ ಹುಟ್ಟುವುದಿಲ್ಲ. ಆಗ ಅಕ್ಕಪಕ್ಕದ ಒಳ್ಳೆಯ ಕೋಶಗಳು ಮಸುಕಾಗಿ ಬಣ್ಣ ಹಿಡಿದರೂ ಗಡ್ಡೆ ಮಾತ್ರ ಬರಿದು. ಮೊದಮೊದಲು ಈ ಬರಿದನ್ನು ನೋಡಿ ದೋಷವಿಲ್ಲವೆಂದು ಬರೆದುಬಿಡುತ್ತಿದ್ದರಂತೆ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನೂ ಒಂದು ಪ್ರಮಾಣವೆಂದು ಒಪ್ಪಿದವರು. ನೆಲದ ಮೇಲೆ ಗಡಿಗೆ ಇಲ್ಲ ಎಂಬುದೂ ಒಂದು ಜ್ಞಾನವೇ. ಇರಬೇಕಾದಲ್ಲಿ ಇಲ್ಲದಿರುವುದೂ ಸಾಕ್ಷಿ ಎಂಬುದನ್ನು ಪ್ರಯೋಗಶಾಲೆ ತಡವಾಗಿ ಕಲಿಯಿತು. ೨೦೧೧ರಲ್ಲಿ ಅಮೆರಿಕದ ಒಂದು ದೊಡ್ಡ ಸಂಶೋಧನೆ ಉಗ್ರ ಸೀರಸ್ ಜಾತಿಯ ೩೧೬ ಗಡ್ಡೆಗಳ ವಂಶವಾಹಿಗಳನ್ನು ಓದಿ ನೋಡಿದಾಗ ನೂರಕ್ಕೆ ೯೬ರಲ್ಲಿ ಈ ಕಾವಲುಗಾರ ಕೆಟ್ಟಿದ್ದ.

೨೦೦೮ರಲ್ಲಿ ಕೆನಡಾದ ವ್ಯಾಂಕೂವರಿನ ವಿದ್ವಾಂಸರು ೫೦೦ ಗಡ್ಡೆಗಳಿಗೆ ೨೧ ಬಗೆಯ ಗುರುತುಗಳ ಬಣ್ಣ ಹಾಕಿ ಪರೀಕ್ಷಿಸಿದರು. ನೂರಾರು ಗಡ್ಡೆಗಳ ಸೂಜಿಯಷ್ಟು ಚೂರುಗಳನ್ನು ಒಂದೇ ಮೇಣದ ಗಟ್ಟಿಯಲ್ಲಿ ಸಸಿಮಡಿಯ ಹಾಗೆ ನೆಡುವ ಉಪಾಯ ಒಂದು ದಶಕದ ಕೆಳಗೆ ಬಂದಿತ್ತಾಗಿ ಇದು ಸಾಧ್ಯವಾಯಿತು. ಅವರು ಕಂಡದ್ದಿಷ್ಟು: ಅಂಡಾಶಯದ ಕ್ಯಾನ್ಸರ್ ಒಂದು ರೋಗವಲ್ಲ. ಉಗ್ರ ಸೀರಸ್, ಮಂದ ಸೀರಸ್, ಎಂಡೊಮೆಟ್ರಿಯಾಯ್ಡ್, ಕ್ಲಿಯರ್ ಸೆಲ್, ಮ್ಯೂಸಿನಸ್ ಎಂಬ ಐದೂ ಬೇರೆ ಬೇರೆ ರೋಗಗಳು. ಒಂದು ಹೆಸರಿನ ಕೆಳಗೆ ಕೂಡಿಹಾಕಿದ್ದು ಅಷ್ಟೆ. ಕೋಶಗಳು ಎಷ್ಟು ವೇಗವಾಗಿ ಬೆಳೆಯುತ್ತವೆಂದು ತೋರಿಸುವ ಕೆಐ ೬೭ ಎಂಬ ಗುರುತು ಎಲ್ಲವನ್ನೂ ಒಟ್ಟಿಗೆ ಎಣಿಸಿದಾಗ ರೋಗಿಯ ಮುಂದಿನ ಗತಿಯನ್ನು ಹೇಳುವಂತೆ ತೋರಿತು. ಜಾತಿ ಜಾತಿಯಾಗಿ ಬಿಡಿಸಿದ ಕೂಡಲೆ ಯಾವ ಜಾತಿಯಲ್ಲಿಯೂ ಆ ಮಾತು ನಿಲ್ಲಲಿಲ್ಲ. ನಿಘಂಟಿನಲ್ಲಿ ನಾನಾರ್ಥವರ್ಗವೆಂದು ಒಂದು ಭಾಗವಿರುತ್ತದೆ: ಒಂದೇ ಶಬ್ದ, ಹಲವು ಅರ್ಥ. ಅರ್ಥ ಯಾವುದೆಂದು ಗೊತ್ತುಮಾಡದೆ ವಾಕ್ಯಕ್ಕೆ ಟೀಕೆ ಬರೆದರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತಿತ್ತು.

ಇನ್ನು ವಾಲ್ಡೇಯರನ ಮಾತು. ೧೮೭೦ರಲ್ಲಿ ಆತ ಅಂಡಾಶಯದ ಮೇಲೊಂದು ಗ್ರಂಥ ಬರೆದು, ಅದರ ಹೊರಹೊದಿಕೆಯನ್ನು ಬೀಜದ ಪೊರೆ ಎಂಬರ್ಥದ ಹೆಸರಿನಿಂದ ಕರೆದಿದ್ದ. ಅಂಡಗಳು ಆ ಪೊರೆಯಿಂದ ಹುಟ್ಟುತ್ತವೆಂಬುದು ಆತನ ಎಣಿಕೆ. ಆ ಎಣಿಕೆ ತಪ್ಪೆಂದು ಮುಂದೆ ತಿಳಿದರೂ, ಕ್ಯಾನ್ಸರ್ ಹುಟ್ಟುವುದು ಅದೇ ಪೊರೆಯಿಂದ ಎಂಬ ನಂಬಿಕೆ ಇಪ್ಪತ್ತನೆಯ ಶತಮಾನವೆಲ್ಲ ಆಳಿತು. ಆದರೆ ಉಗ್ರ ಸೀರಸ್ ಜಾತಿಯ ಮೊಳಕೆಯನ್ನು ಆ ಪೊರೆಯಲ್ಲಿ ಖಚಿತವಾಗಿ ತೋರಿಸಿಕೊಟ್ಟವರಿಲ್ಲ. ಮರ ಕಾಣುತ್ತದೆ, ಸಸಿ ಕಾಣುವುದಿಲ್ಲ. ೧೯೯೪ ಮತ್ತು ೧೯೯೫ರಲ್ಲಿ ಬಿಆರ್‌ಸಿಎ ಎಂಬ ಎರಡು ವಂಶವಾಹಿಗಳು ಪತ್ತೆಯಾದವು. ಅವು ಕೆಟ್ಟ ಮನೆತನಗಳ ಹೆಂಗಸರು ರೋಗ ಬರುವ ಮುನ್ನವೇ ಅಂಡಾಶಯವನ್ನೂ ಅಂಡನಾಳವನ್ನೂ ತೆಗೆಸಿಕೊಳ್ಳತೊಡಗಿದರು. ೨೦೦೧ರಲ್ಲಿ ನೆದರ್ಲೆಂಡ್ಸಿನ ವೈದ್ಯರು ಹೀಗೆ ತೆಗೆದ ಅಂಡನಾಳಗಳಲ್ಲಿ ಕ್ಯಾನ್ಸರಿಗೆ ಮುಂಚಿನ ವಿಕಾರಗಳನ್ನು ಕಂಡರು. ಆಮೇಲೆ ಬಾಸ್ಟನ್ನಿನ ಕ್ರಿಸ್ಟೊಫರ್ ಕ್ರಮ್ ಮತ್ತು ಸಂಗಡಿಗರು ನಾಳದ ತುದಿಯನ್ನು ಪೂರ್ತಿಯಾಗಿ, ಎಳೆ ಎಳೆಯಾಗಿ ಹೆರೆದು ನೋಡುವ ಕ್ರಮವನ್ನು ತಂದರು. ಅದಕ್ಕೆ ಮುಂಚೆ ನಾಳದಿಂದ ಒಂದೆರಡು ಚೂರು ನೋಡಿ ಉಳಿದುದನ್ನು ಬಿಟ್ಟುಬಿಡುವುದು ರೂಢಿಯಾಗಿತ್ತು. ಅಂಡಾಶಯದ ಕ್ಯಾನ್ಸರ್ ಎಂದು ಹೆಸರಿಟ್ಟ ಮೇಲೆ ನಾಳವನ್ನು ಯಾರು ನೋಡುತ್ತಾರೆ?

ನಾಳದ ಆ ತುದಿ ಸೆರಗಿನ ಕುಚ್ಚಿನಂತೆ ಅಂಡಾಶಯದ ಮೇಲೆ ಬಾಗಿರುತ್ತದೆ. ೨೦೦೭ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ, ನೀಲಿ ಗುಲಾಬಿಯಲ್ಲಿ ಏನೂ ಕೆಡದಂತೆ ತೋರುವ ಕುಚ್ಚಿನ ಪೊರೆಯಲ್ಲಿ ಸಾಲಾಗಿ ಹತ್ತಾರು ಕೋಶಗಳು ಪಿ ೫೩ ಬಣ್ಣಕ್ಕೆ ಕಡುಕಂದಾಗಿ ನಿಂತಿದ್ದವು. ಅದರ ಮುಂದಿನ ಹಂತಗಳೂ ಅಲ್ಲಿಯೇ ಸಿಕ್ಕಿದವು. ಉಗ್ರ ಸೀರಸ್ ಜಾತಿ ಬಹುಪಾಲು ಹುಟ್ಟುವುದು ಅಂಡನಾಳದ ಕುಚ್ಚಿನಲ್ಲಿ. ಕಳಚಿ ಅಂಡಾಶಯದ ಮೇಲೆ ಬಿದ್ದು ಬೆಳೆಯುತ್ತದೆ. ಎಲ್ಲವೂ ಹಾಗೆಯೇ ಎಂದಲ್ಲ. ಎಂಡೊಮೆಟ್ರಿಯಾಯ್ಡ್, ಕ್ಲಿಯರ್ ಸೆಲ್ ಜಾತಿಗಳ ನಂಟು ಗರ್ಭಾಶಯದ ಒಳಪೊರೆ ಬೇರೆಡೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ರೋಗದೊಡನೆ. ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟ್ಟವಿಲ್ಲ. ಹುಟ್ಟೂರು ತಿಳಿದದ್ದರಿಂದ ಹೊಳೆಯ ಮೂಲಕ್ಕೇ ಕಟ್ಟೆ ಕಟ್ಟುವುದು ಸಾಧ್ಯವಾಯಿತು. ೨೦೧೦ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ, ಬೇರೆ ಕಾರಣಕ್ಕೆ ಗರ್ಭಕೋಶ ತೆಗೆಸುವ ಅಥವಾ ಸಂತಾನ ನಿಲ್ಲಿಸುವ ಶಸ್ತ್ರಚಿಕಿತ್ಸೆಗೆ ಬರುವ ಹೆಂಗಸರಲ್ಲಿ ಅಂಡಾಶಯವನ್ನು ಉಳಿಸಿ ನಾಳವನ್ನು ಮಾತ್ರ ತೆಗೆಯಿರೆಂದು ವೈದ್ಯರಿಗೆ ಕರೆಕೊಟ್ಟರು. ೨೦೨೨ರಲ್ಲಿ ಬಂದ ವರದಿಯಂತೆ, ಹಾಗೆ ಮಾಡಿಸಿಕೊಂಡ ೨೫ ಸಾವಿರಕ್ಕೂ ಮಿಕ್ಕ ಹೆಂಗಸರಲ್ಲಿ ಐದು ಮಂದಿಗಾದರೂ ಸೀರಸ್ ಕ್ಯಾನ್ಸರ್ ಬಂದಿರಬೇಕೆಂದು ಲೆಕ್ಕವಿದ್ದ ಕಡೆ ಒಬ್ಬರಿಗೂ ಬಂದಿರಲಿಲ್ಲ.

ಎರ್ಲಿಖನ ಮಂತ್ರದ ಗುಂಡೂ ಹಾರದೆ ಹೋಗಲಿಲ್ಲ. ೨೦೨೨ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಿರ್ವೆಟುಕ್ಸಿಮಾಬ್ ಎಂಬ ಔಷಧಿ, ಪ್ಲಾಟಿನಂ ಮದ್ದಿಗೆ ಬಗ್ಗದ ಅಂಡಾಶಯದ ಕ್ಯಾನ್ಸರಿಗೆ ಕೊಡತಕ್ಕದ್ದು. ಅದೊಂದು ಪ್ರತಿಕಾಯ, ಅದರ ಬಾಲಕ್ಕೆ ಬಣ್ಣದ ಬದಲು ವಿಷವನ್ನು ಕಟ್ಟಿದ್ದಾರೆ. ಅದು ಹಿಡಿಯುವ ಗುರುತು ಗಡ್ಡೆಯ ಕೋಶಗಳ ಮೇಲೆ ಇದೆಯೇ ಎಂಬುದನ್ನು ಮೊದಲು ಕಂದು ಬಣ್ಣ ಹಾಕಿಯೇ ನೋಡಬೇಕು. ನೂರಕ್ಕೆ ೭೫ರಷ್ಟಾದರೂ ಕೋಶಗಳು ಚೆನ್ನಾಗಿ ಬಣ್ಣ ಹಿಡಿದರೆ ಮಾತ್ರ ಔಷಧಿ.

ಅಕ್ಕನ ಹಾಳೆಯನ್ನು ನಾನು ಈಗ ಓದಬಲ್ಲೆ. ಡಬ್ಲ್ಯುಟಿ ೧ ಉಂಟು, ಪ್ಯಾಕ್ಸ್ ೮ ಉಂಟು, ಸಿಕೆ ೭ ಉಂಟು, ಸಿಕೆ ೨೦ ಇಲ್ಲ, ಪಿ ೫೩ ಎಲ್ಲ ಕೋಶಗಳಲ್ಲಿಯೂ. ಜಠರದ್ದಲ್ಲ, ಕರುಳಿನದಲ್ಲ, ಉಗ್ರ ಸೀರಸ್. ಹೋಗಿ ಹೇಳಿದೆ. ಅವಳು ಕೇಳಿಸಿಕೊಂಡು, "ಹಾಗಾದ್ರೆ ಇದು ಮಗಳಿಗೂ ಬರೋದೇನೋ?" ಎಂದಳು. ಆ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ರಕ್ತದಲ್ಲಿ ಬಿಆರ್‌ಸಿಎ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆಂದು ವೈದ್ಯರು ಹೇಳಿದರು, ಮಾಡಿಸಿದೆವು, ವಂಶವಾಹಿಗಳು ಕೆಟ್ಟಿರಲಿಲ್ಲ. ಚಿಕಿತ್ಸೆಯ ಆರು ಸುತ್ತು ಮುಗಿಸಿ ಅಕ್ಕ ಈಗ ಮನೆಯಲ್ಲಿದ್ದಾಳೆ. ತಲೆಯ ಕೂದಲು ಮತ್ತೆ ಬರುತ್ತಿದೆ.

ಮೊನ್ನೆ ಆ ಶಿಷ್ಯೆಯನ್ನು ಮತ್ತೆ ಕಂಡಾಗ, ಮೇಣದ ಗಟ್ಟಿಗಳೆಂದರೆ ಹೇಗಿರುತ್ತವಮ್ಮ ಎಂದು ಕೇಳಿದೆ. ಅವಳು ಒಂದು ಸೆಳೆಖಾನೆಯನ್ನು ಎಳೆದು ತೋರಿಸಿದಳು. ಅಂಚೆಚೀಟಿಯಷ್ಟಗಲದ ಬಿಳಿಯ ಗಟ್ಟಿಗಳು, ಒಂದೊಂದರ ಮೇಲೂ ಅಂಕೆ, ಸಾಲಾಗಿ, ಗ್ರಂಥಾಲಯದ ಸೂಚಿಪತ್ರದ ಹಾಗೆ. "ನಿಮ್ಮಕ್ಕನದೂ ಅಲ್ಲಿ, ಅದನ್ನು ತೆಗೆದ ಆಸ್ಪತ್ರೆಯಲ್ಲಿ ಹೀಗೇ ಇರುತ್ತೆ ಸಾರ್" ಎಂದಳು. "ನಾವು ಹೆರೆಯೋದು ಕೂದಲಿಗಿಂತ ತೆಳ್ಳಗೆ ಕೆಲವೇ ಪದರ. ಮಿಕ್ಕಿದ್ದನ್ನು ಎತ್ತಿಟ್ಟಿರುತ್ತೇವೆ. ನಾಳೆ ಹೊಸ ಗುರುತು ಯಾವುದಾದರೂ ಬಂದರೆ ಮತ್ತೆ ತೆಗೆದು ಕೇಳಬಹುದು."